ದತ್ತು ಮಗಳ ವೀಸಾ ನಿಂತುಹೋಗಿದೆ. ಅಮೆರಿಕದ ಸೆನೆಟರ್‌ಗೆ ಬರೆದರೆ ಏನಾದರೂ ಆಗುತ್ತಾ?

ಕೊಲಂಬಸ್_ಅಮ್ಮ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಹಾಸನದಲ್ಲಿ ಅಮ್ಮನ ಮನೆಯ ಜಗಲಿಯಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಗಂಡ ಓಹಾಯೋದ ಕೊಲಂಬಸ್‌ನಲ್ಲಿ. ನಾನು ಇಲ್ಲಿ, ನಾಲ್ಕು ವರ್ಷದ ಮಗಳ ಜೊತೆ. ಅವಳಿಗೆ ವೀಸಾ ಬಂದಿಲ್ಲ.

ಮಗಳು ಉತ್ತರ ಕರ್ನಾಟಕದ ಒಂದು ದತ್ತು ಕೇಂದ್ರದಿಂದ ಬಂದವಳು. ಗಂಡ ಅಮೆರಿಕದ ಪೌರ, ನನ್ನದು ಗ್ರೀನ್ ಕಾರ್ಡ್. ಕೇಂದ್ರದ ದತ್ತು ಪ್ರಾಧಿಕಾರ ಕಾರಾದ ಎನ್‌ಒಸಿ ಆಯ್ತು. ಜಿಲ್ಲಾಧಿಕಾರಿ ಕೊಡುವ ದತ್ತು ಆದೇಶ, ಅಂದರೆ ಡಿಸಿ ಆರ್ಡರ್ ಆಯ್ತು. ಹೊಸ ಜನನ ಪ್ರಮಾಣಪತ್ರ, ಪಾಸ್‌ಪೋರ್ಟ್, ದೇಶದಿಂದ ದೇಶಕ್ಕೆ ದತ್ತು ಕುರಿತ ಹೇಗ್ ಒಪ್ಪಂದದ 23ನೇ ವಿಧಿಯ ಸರ್ಟಿಫಿಕೇಟು, ಎಲ್ಲಾ ಕೈಯಲ್ಲಿದೆ. ದತ್ತು ಮಗುವನ್ನು ಅಮೆರಿಕಕ್ಕೆ ಕರೆದೊಯ್ಯಲು ಹಾಕುವ ಐ-800 ಅರ್ಜಿಗೆ ತಾತ್ಕಾಲಿಕ ಒಪ್ಪಿಗೆಯೂ ಸಿಕ್ಕಿದೆ. ವೀಸಾ ಸಂದರ್ಶನ ಮುಗಿದು ಹದಿನಾರು ವಾರ. ಅವತ್ತು ಒಂದು ಚೀಟಿ ಕೊಟ್ಟು, ಇನ್ನೂ ಪರಿಶೀಲನೆ ಇದೆ ಅಂದರು. ಅಷ್ಟೇ. ಕಡತ ಯಾವ ಮೇಜಿನ ಮೇಲಿದೆ ಅಂತ ನನಗೇ ಗೊತ್ತಿಲ್ಲ. ಹಾಗಾಗಿ ಯಾವ ಕಚೇರಿಯನ್ನೂ ದೂರಲು ಹೋಗಲ್ಲ. ಮೇಲ್ ಹಾಕಿದಾಗಲೆಲ್ಲ ನಾಲ್ಕು ಸಾಲಿನ ಸಿದ್ಧ ಉತ್ತರ ಬರುತ್ತದೆ. ನನಗೆ ಅದು ಬಾಯಿಪಾಠ ಆಗಿದೆ.

ಕಳೆದ ವಾರ ವೆಬ್‌ಸೈಟಿನಲ್ಲಿ ಸ್ಟೇಟಸ್ ನೋಡಿದರೆ "ರಿಫ್ಯೂಸ್ಡ್" ಅಂತಿತ್ತು. ಕೈಕಾಲು ತಣ್ಣಗಾಯ್ತು. ಅಮ್ಮನಿಗೆ ಹೇಳಲಿಲ್ಲ. ಮಗಳು ಪಕ್ಕದಲ್ಲೇ ಕೂತು "ಯಾಕ ಅಳಾಕತ್ತಿ?" ಅಂತ ಕೇಳಿದಳು. ಅವಳ ಮಾತು ನಮ್ಮ ಕಡೆಯದಲ್ಲ. ಅಮ್ಮ ಅರ್ಧ ಅರ್ಥ ಮಾಡಿಕೊಂಡು ಪೂರ್ತಿ ನಗುತ್ತಾರೆ. ಈಗ ಅಮ್ಮನೇ "ಹಿಂಗ್ಯಾಕ ಮಾಡ್ತಿ" ಅನ್ನಲು ಶುರು ಮಾಡಿದ್ದಾರೆ.

ಆ ರಾತ್ರಿಯೇ ಕೂತು ಅಮೆರಿಕದ ಸಂಸತ್ತಿನ, ಅಂದರೆ ಅಲ್ಲಿನ ಕಾಂಗ್ರೆಸ್‌ನ, ಐದು ಜನ ಸದಸ್ಯರಿಗೆ ಬರೆದೆ. ಭಾರತದ ಮೂಲದವರಾದರೆ ಅರ್ಥ ಆಗುತ್ತೆ ಅಂತ ಅವರನ್ನೇ ಆರಿಸಿದ್ದೆ. ಬೆಳಗಾವಿಯಲ್ಲಿ ಬೆಳೆದು ಮಿಷಿಗನ್‌ನಿಂದ ಗೆದ್ದ ಶ್ರೀ ಥಾಣೇದಾರ್ ಅವರಿಗೆ ಬರೆಯಲು ಹೋದಾಗ ಫಾರ್ಮು ಜಿಪ್ ಕೋಡ್ ಕೇಳಿತು. ಅಲ್ಲಿಗೆ ನಿಲ್ಲಿಸಿದೆ.

ನನ್ನ ಪ್ರಶ್ನೆ ಇಷ್ಟು. ಇದರಿಂದ ಯಾರಿಗಾದರೂ ನಿಜವಾಗಿ ಉಪಯೋಗ ಆಗಿದೆಯಾ? ಇಲ್ಲಿನ ಎಂಪಿ ಹತ್ತಿರ ಹೋಗಲಾ? ಮಗಳ ಫೋಟೋ ಹಾಕಿ ಫೇಸ್‌ಬುಕ್‌ನಲ್ಲಿ ಬರೆದರೆ ಬೇಗ ಆಗುತ್ತೆ ಅಂತ ಗಂಡನ ಸ್ನೇಹಿತರೊಬ್ಬರು ಹೇಳುತ್ತಿದ್ದಾರೆ. ಹಾಕಲಾ?

ಪೋರ್ಟ್‌ಲ್ಯಾಂಡ್_ಮಳೆ:

ಮೊದಲು ಆ "ರಿಫ್ಯೂಸ್ಡ್" ವಿಷಯ. ಅದನ್ನು ನೋಡಿ ನಾನೂ ಒಂದು ರಾತ್ರಿ ನಿದ್ದೆಗೆಟ್ಟವಳು. ಅಮೆರಿಕದ ವಲಸೆ ಕಾನೂನಿನ 221(ಜಿ) ಸೆಕ್ಷನ್ ಅಡಿ ಪರಿಶೀಲನೆಗೆ ಇಟ್ಟಿರುವ ಕೇಸುಗಳನ್ನೂ ಆ ವೆಬ್‌ಸೈಟು ಹಾಗೇ ತೋರಿಸುತ್ತದೆ. ಬಾಗಿಲು ಮುಚ್ಚಿತು ಅಂತ ಅರ್ಥ ಅಲ್ಲ. ಅವರಿಗೆ ಏನೋ ಒಂದು ಇನ್ನೂ ಬೇಕಾಗಿದೆ, ಅಥವಾ ಯಾರೋ ಇನ್ನೂ ನೋಡುತ್ತಿದ್ದಾರೆ, ಅಷ್ಟೇ.

ಐದು ಜನಕ್ಕೆ ಬರೆದದ್ದು ವ್ಯರ್ಥ, ಬೇಜಾರು ಮಾಡಿಕೊಳ್ಳಬೇಡಿ. ಅಲ್ಲಿ ಒಬ್ಬರ ಕ್ಷೇತ್ರದವರ ಕೆಲಸಕ್ಕೆ ಇನ್ನೊಬ್ಬರು ಕೈ ಹಾಕುವುದಿಲ್ಲ. ನಿಮ್ಮ ಪಾಲಿಗೆ ಇರುವವರು ಮೂರೇ ಜನ. ಓಹಾಯೋದ ಇಬ್ಬರು ಸೆನೆಟರ್‌ಗಳು, ನಿಮ್ಮ ಮನೆ ಇರುವ ಕ್ಷೇತ್ರದ ಒಬ್ಬ ಪ್ರತಿನಿಧಿ. ಮೂವರಲ್ಲಿ ಒಬ್ಬರನ್ನು ಮಾತ್ರ ಹಿಡಿಯಿರಿ. ಮೂವರೂ ಕೇಳಿದರೆ ಒಂದೇ ಕಡತಕ್ಕೆ ಮೂರು ಉತ್ತರ ಬರೆಯಬೇಕು. ಆ ಹೊತ್ತಿನಲ್ಲಿ ನಿಮ್ಮ ಕೆಲಸ ಆಗುವುದಿಲ್ಲ.

ಸೆನೆಟರ್ ನಿಮ್ಮ ಪತ್ರ ಓದುವುದಿಲ್ಲ. ಓದುವವರು ಕೇಸ್‌ವರ್ಕರ್, ಅಂದರೆ ಜನರ ಇಂಥ ತೊಂದರೆಗಳನ್ನು ಇಲಾಖೆಗಳಲ್ಲಿ ವಿಚಾರಿಸುವ ಅವರ ಸಿಬ್ಬಂದಿ. ವಾಷಿಂಗ್ಟನ್‌ಗೆ ಬರೆಯಬೇಡಿ, ರಾಜ್ಯದಲ್ಲಿರುವ ಅವರ ಕಚೇರಿಗೆ ಫೋನ್ ಮಾಡಿ. ನೀವಲ್ಲ, ನಿಮ್ಮ ಗಂಡ. ಅರ್ಜಿದಾರ ಅವರು, ಮತ ಹಾಕುವವರೂ ಅವರೇ. 1974ರ ಪ್ರೈವಸಿ ಕಾಯ್ದೆ ಪ್ರಕಾರ ಅವರ ಸಹಿ ಇರುವ ಒಪ್ಪಿಗೆ ಪತ್ರ ಇಲ್ಲದೆ ಯಾವ ಇಲಾಖೆಯೂ ನಿಮ್ಮ ಕಡತದ ಬಗ್ಗೆ ಬಾಯಿ ಬಿಡುವಂತಿಲ್ಲ. ಆ ಫಾರ್ಮು ಎಲ್ಲರ ವೆಬ್‌ಸೈಟಿನಲ್ಲೂ ಇರುತ್ತದೆ.

ನಮ್ಮ ಮಗನದು 2019ರ ಕೇಸು. ವೈದ್ಯಕೀಯ ಪರೀಕ್ಷೆಯಲ್ಲಿ ಟಿಬಿ ಅನುಮಾನ ಬಂತು. ಎಕ್ಸ್‌ರೇ ಆದಮೇಲೆ ಕಫದಲ್ಲಿ ರೋಗಾಣು ಬೆಳೆಯುತ್ತಾ ಅಂತ ನೋಡುವ ಕಲ್ಚರ್ ಪರೀಕ್ಷೆಗೆ ಹಾಕಿದರು. ಅದಕ್ಕೆ ಎಂಟು ವಾರ. ನಮಗೆ ಅದನ್ನು ಯಾರೂ ಬಿಡಿಸಿ ಹೇಳಿರಲಿಲ್ಲ. ನಮ್ಮ ಕೇಸ್‌ವರ್ಕರ್ ವಿಚಾರಿಸಿ, "ಇದನ್ನು ಯಾರೂ ಬೇಗ ಮಾಡಿಸಲಾಗಲ್ಲ, ಕಾಯಿರಿ" ಅಂದರು. ವೀಸಾ ಒಂದು ದಿನವೂ ಮುಂಚೆ ಬರಲಿಲ್ಲ. ಆದರೆ ಆಮೇಲೆ ನಾನು ರಾತ್ರಿ ಮಲಗಿದೆ.

ನಿಮ್ಮ ಮಗಳ ಮೆಡಿಕಲ್ ಯಾವತ್ತು ಆಯ್ತು? ಸಾಮಾನ್ಯವಾಗಿ ಅದಕ್ಕೆ ಆರು ತಿಂಗಳ ಗಡುವು. ಟಿಬಿಯ ಕೆಲವು ವರ್ಗಗಳಿಗೆ ಮೂರೇ ತಿಂಗಳು. ಮೊದಲು ಅದನ್ನು ನೋಡಿ.

ಸುಮ್ನೆ_ಓದುಗ:

ನನ್ನ ಅನುಭವ ಬೇರೆ. ಅಪ್ಪ ಅಮ್ಮನ ವೀಸಾ ವಿಷಯಕ್ಕೆ ಬರೆದಿದ್ದೆ. ಚಂದದ ಕಾಗದದಲ್ಲಿ "ನಿಮ್ಮ ಕಾಳಜಿ ಅರ್ಥವಾಗುತ್ತದೆ" ಅಂತ ಬಂತು. ಅವತ್ತಿನಿಂದ ಇವತ್ತಿನವರೆಗೆ ವಾರಕ್ಕೊಂದು ಪ್ರಚಾರದ ಮೇಲ್ ಬರುತ್ತಿದೆ. ಜಾಸ್ತಿ ಆಸೆ ಇಟ್ಟುಕೊಳ್ಳಬೇಡಿ.

ಪೋರ್ಟ್‌ಲ್ಯಾಂಡ್_ಮಳೆ:

ನೀವು ಬರೆದದ್ದು "ಅಭಿಪ್ರಾಯ ತಿಳಿಸಿ" ಪುಟದಲ್ಲಿ ಇರಬೇಕು ಅಲ್ವಾ? ಅದಕ್ಕೆ ಬರುವುದು ಚಂದದ ಕಾಗದವೇ. ಕೇಸ್‌ವರ್ಕ್ ಬೇರೆ ಬಾಗಿಲು.

ಸದಸ್ಯರು ಸ್ವತಃ ಕಣಕ್ಕೆ ಇಳಿಯುವುದು ಇಡೀ ದೇಶದ ಬಾಗಿಲು ಮುಚ್ಚಿದಾಗ. 2013ರಲ್ಲಿ ಕಾಂಗೋ ಸರ್ಕಾರ ದತ್ತು ಮಕ್ಕಳಿಗೆ ದೇಶ ಬಿಡುವ ಪರವಾನಗಿ ನಿಲ್ಲಿಸಿತು. ಆಗ ಕಾಂಗ್ರೆಸ್ ಸದಸ್ಯರು ಗುಂಪಾಗಿ ಕಾಂಗೋ ಅಧ್ಯಕ್ಷರಿಗೇ ಬರೆದರು. ಅಷ್ಟಾದರೂ ಹೆಚ್ಚಿನ ಕೇಸುಗಳು ಬಿಡುಗಡೆ ಆದದ್ದು 2016ರಲ್ಲಿ. ಇವರದು ಅಂಥದ್ದಲ್ಲ, ಒಂದು ಕಡತ.

ನಿವೃತ್ತ_ಆಪ್ತಸಮಾಲೋಚಕಿ:

ನಾನು ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಕೆಲಸ ಮಾಡಿದವಳು. ಭಾರತದ ಕಡೆಯ ಎರಡು ಮಾತು.

ಎಂಪಿ ಹತ್ತಿರ ಹೋಗುವುದು ಈಗ ಬೇಡ. ಇಲ್ಲಿನ ಕೆಲಸ ನಿಮ್ಮದು ಮುಗಿದಿದೆ. ಅಮೆರಿಕದ ವೀಸಾ ವಿಷಯದಲ್ಲಿ ಹಾಸನದ ಎಂಪಿ ಏನು ಮಾಡಲಿಕ್ಕಾಗುತ್ತದೆ? ಇನ್ನೂ ಡಿಸಿ ಮುಂದೆ ಕಾಯುತ್ತಿರುವವರು ಇದನ್ನು ಓದುತ್ತಿದ್ದರೆ ಅವರಿಗೆ ಹೇಳುತ್ತೇನೆ. 2022ರ ಸೆಪ್ಟೆಂಬರ್ 1ರಿಂದ ದತ್ತು ಆದೇಶ ಕೋರ್ಟಿನ ಬದಲು ಜಿಲ್ಲಾಧಿಕಾರಿ ಕೊಡುತ್ತಾರೆ. ಎರಡು ತಿಂಗಳಲ್ಲಿ ಇತ್ಯರ್ಥ ಮಾಡಬೇಕು ಅಂತ ಕಾನೂನಿನಲ್ಲೇ ಇದೆ. ಆ ಗಡುವು ದಾಟಿದಾಗ ಎಂಪಿ ಮೂಲಕ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯಕ್ಕೆ ಒಂದು ಪತ್ರ ಹೋದರೆ ತಪ್ಪಿಲ್ಲ. ಕಾರಾ ಆ ಸಚಿವಾಲಯದ ಕೆಳಗೇ ಬರುತ್ತದೆ. ಆದರೆ ಕೆಲವರು ಪಟ್ಟಿಯಲ್ಲಿ ಮೇಲೆ ಬರಲು ಎಂಪಿ ಪತ್ರ ಹಿಡಿದುಕೊಂಡು ಬರುತ್ತಿದ್ದರು. ಮಗುವನ್ನು ಸೈಟ್ ಹಂಚಿಕೆ ಅಂದುಕೊಂಡವರು. ಕಡತ ಎಲ್ಲಿದೆ ಅಂತ ಕೇಳುವುದು ಬೇರೆ, ಸಾಲು ಮುರಿಯುವುದು ಬೇರೆ.

ಫೋಟೋ ಮಾತ್ರ ಯಾವ ಕಾರಣಕ್ಕೂ ಹಾಕಬೇಡಿ. ಬಾಲ ನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಇಂಥ ಮಕ್ಕಳ ಗುರುತು ಬಯಲು ಮಾಡಬಾರದು ಅನ್ನುತ್ತದೆ. ಆರು ತಿಂಗಳವರೆಗೆ ಜೈಲು, ಎರಡು ಲಕ್ಷದವರೆಗೆ ದಂಡ, ಅಥವಾ ಎರಡೂ. ಕಾನೂನು ಆಚೆಗಿರಲಿ. ಹನ್ನೆರಡನೇ ವಯಸ್ಸಿನಲ್ಲಿ ಅವಳ ಕ್ಲಾಸಿನ ಯಾರೋ ಅದನ್ನು ಹುಡುಕಿ ತೆಗೆಯುತ್ತಾರೆ.

ಕೊಲಂಬಸ್_ಅಮ್ಮ:

ಫೋಟೋ ಹಾಕಲ್ಲ. ಹನ್ನೆರಡನೇ ವಯಸ್ಸಿನ ಮಾತು ನನಗೆ ಹೊಳೆದೇ ಇರಲಿಲ್ಲ.

ಮೆಡಿಕಲ್ ಆಗಿ ಹದಿನೇಳು ವಾರ. ರಕ್ತದ ಟಿಬಿ ಟೆಸ್ಟ್ ಪಾಸಿಟಿವ್ ಬಂದಿತ್ತು, ಎಕ್ಸ್‌ರೇ ಚೆನ್ನಾಗಿತ್ತು, ಕಲ್ಚರ್ ಬೇಕಾಗಲಿಲ್ಲ. ಅಂದರೆ ಇನ್ನು ಒಂಬತ್ತು ವಾರ. ಅದು ದಾಟಿದರೆ ಮತ್ತೆ ಸೂಜಿ. ಮೊದಲ ಸಲವೇ ಮೂವರು ಹಿಡಿದುಕೊಂಡಿದ್ದೆವು.

ನಾನು ಇಲ್ಲಿಗೆ ಬಂದು ಐದು ತಿಂಗಳು. ಸಂಬಳ ಇಲ್ಲದ ರಜೆ. ಗ್ರೀನ್ ಕಾರ್ಡಿಗೆ ಆರು ತಿಂಗಳ ಲೆಕ್ಕ ಇದೆ ಅಲ್ವಾ, ಅದೂ ತಲೆಯಲ್ಲಿ ಕೊರೆಯುತ್ತಿದೆ.

ಪತ್ರ ಬರೆದಿದ್ದೇನೆ, ಮೂರು ಪುಟ ಆಗಿದೆ. ಮದುವೆಯಾದ ವರ್ಷದಿಂದ ಶುರು ಮಾಡಿದ್ದೇನೆ.

ಪೋರ್ಟ್‌ಲ್ಯಾಂಡ್_ಮಳೆ:

180 ದಿನ ದಾಟಿದ ಮಾತ್ರಕ್ಕೆ ಗ್ರೀನ್ ಕಾರ್ಡ್ ಹೋಗುವುದಿಲ್ಲ. ಏರ್‌ಪೋರ್ಟಿನಲ್ಲಿ ಪ್ರಶ್ನೆ ಜಾಸ್ತಿ ಕೇಳಬಹುದು. ದತ್ತು ಕಾಗದಗಳನ್ನು ಕೈಚೀಲದಲ್ಲೇ ಇಟ್ಟುಕೊಳ್ಳಿ.

ಮೂರು ಪುಟ ನಿಮಗಾಗಿ ಇಟ್ಟುಕೊಳ್ಳಿ, ಮುಂದೆ ಮಗಳು ಓದಲಿ. ಕೇಸ್‌ವರ್ಕರ್‌ಗೆ ಅರ್ಧ ಪುಟ ಸಾಕು. ಎನ್‌ಡಬ್ಲ್ಯುಡಿ ಅಂತ ಶುರುವಾಗುವ ಕೇಸ್ ನಂಬರು, ಐ-800 ರಸೀದಿ ನಂಬರು, ಸಂದರ್ಶನದ ದಿನಾಂಕ. ಆಮೇಲೆ ಹೀಗೆ ಬರೆಯಿರಿ:

"ನನ್ನ ನಾಲ್ಕು ವರ್ಷದ ಮಗಳ ಐಎಚ್-3 ವೀಸಾ ಹದಿನಾರು ವಾರದಿಂದ ಪರಿಶೀಲನೆಯಲ್ಲಿದೆ. ದತ್ತು ಭಾರತದಲ್ಲಿ ಪೂರ್ತಿ ಆಗಿದೆ. ಅವಳ ವೈದ್ಯಕೀಯ ವರದಿಯ ಅವಧಿ ಇಂಥ ದಿನ ಮುಗಿಯುತ್ತದೆ. ನಮ್ಮ ಕಡೆಯಿಂದ ಯಾವುದಾದರೂ ಕಾಗದ ಬಾಕಿ ಇದೆಯೇ, ಇದ್ದರೆ ಯಾವುದು ಎಂದು ದಯವಿಟ್ಟು ವಿಚಾರಿಸಿ."

ಬೇಗ ಕೊಡಿಸಿ ಅನ್ನಬೇಡಿ. ಅದಕ್ಕೆ "ಪರಿಶೀಲನೆಯಲ್ಲಿದೆ" ಅನ್ನುವ ಉತ್ತರ ಸಿದ್ಧವಾಗಿರುತ್ತದೆ. ಯಾವ ಕಾಗದ ಬಾಕಿ ಅಂತ ಕೇಳಿದರೆ ಯಾರೋ ಒಬ್ಬರು ಕಡತ ಬಿಚ್ಚಲೇಬೇಕು.

ಕೊಲಂಬಸ್_ಅಮ್ಮ, ಹದಿನೆಂಟು ದಿನದ ನಂತರ:

ಬಂದೆ. ನಗಬೇಕೋ ಅಳಬೇಕೋ ಗೊತ್ತಿಲ್ಲ.

ಗಂಡ ಒಬ್ಬ ಸೆನೆಟರ್‌ನ ಕೊಲಂಬಸ್ ಕಚೇರಿಗೆ ಫೋನ್ ಮಾಡಿದರು. ಕೇಸ್‌ವರ್ಕರ್ ಒಬ್ಬ ಹೆಂಗಸು, ನಿಧಾನ ಮಾತು. ಒಪ್ಪಿಗೆ ಪತ್ರ ಕಳಿಸಿದ ಒಂಬತ್ತನೇ ದಿನ ಅವರೇ ಫೋನ್ ಮಾಡಿದರು. ಒಂದು ಕಾಗದ ಬಾಕಿ ಇದೆಯಂತೆ. ಡಿಸಿ ಆರ್ಡರ್‌ನಲ್ಲಿ ಮಗಳ ಹೆಸರಿನ ಮುಂದೆ ಒಂದು ಇನಿಷಿಯಲ್ ಇದೆ. ಪಾಸ್‌ಪೋರ್ಟಿನಲ್ಲಿ ಅದೇ ಅಕ್ಷರ ಬಿಡಿಸಿ ಅಪ್ಪನ ಹೆಸರಾಗಿ, ಸರ್‌ನೇಮ್ ಜಾಗದಲ್ಲಿ ಕೂತಿದೆ. ಇಬ್ಬರೂ ಒಬ್ಬಳೇ ಅಂತ ಒಂದು ಅಫಿಡವಿಟ್ ಕೊಡಿ ಅಂತ ಸಂದರ್ಶನದ ಮೂರನೇ ವಾರದಲ್ಲೇ ಮೇಲ್ ಕಳಿಸಿದ್ದರು.

ಎಲ್ಲಿಗೆ ಕಳಿಸಿದ್ದರು? ಗಂಡನ ಹಳೆಯ ಆಫೀಸಿನ ಮೇಲ್ ಐಡಿಗೆ. ಅರ್ಜಿ ತುಂಬಿದಾಗ ಅವರು ಅಲ್ಲಿ ಕೆಲಸದಲ್ಲಿದ್ದರು, ಆಮೇಲೆ ಬಿಟ್ಟರು. ಐಡಿ ಬದಲಾಯಿಸಲು ಇಬ್ಬರಿಗೂ ನೆನಪಾಗಲಿಲ್ಲ. ಹದಿಮೂರು ವಾರ ನಾನು ಯಾರ್ಯಾರಿಗೋ ಶಾಪ ಹಾಕಿದ್ದೇನೆ. ಆ ರಾತ್ರಿ ಫೋನಿನಲ್ಲಿ ಇಬ್ಬರೂ ಹತ್ತು ನಿಮಿಷ ಮಾತಾಡಲಿಲ್ಲ, ಕರೆ ಕಟ್ ಮಾಡಲೂ ಇಲ್ಲ.

ನೋಟರಿ ಹತ್ತಿರ ಅಫಿಡವಿಟ್ ಮಾಡಿಸಿ ಮೊನ್ನೆ ಕಳಿಸಿದೆ. ತಲುಪಿದೆ ಅಂತ ಈ ಸಲ ಸರಿಯಾದ ಐಡಿಗೆ ಉತ್ತರ ಬಂದಿದೆ. ವೀಸಾ ಇನ್ನೂ ಬಂದಿಲ್ಲ.

ಇನಿಷಿಯಲ್ ಇರುವ ಕನ್ನಡದವರೆಲ್ಲ ಡಿಸಿ ಆರ್ಡರ್ ಕೈಗೆ ಬಂದ ದಿನವೇ ಪಾಸ್‌ಪೋರ್ಟ್ ಅರ್ಜಿಯ ಪಕ್ಕ ಇಟ್ಟು ಅಕ್ಷರ ಅಕ್ಷರ ಹೋಲಿಸಿ ನೋಡಿ. ಮೇಲ್ ಐಡಿಯನ್ನೂ ನೋಡಿ.

ಇನ್ನೊಂದು ಪ್ರಶ್ನೆ ಇದೆ. ಸ್ವೆಟರ್ ಅಳತೆ ಯಾರಿಗಾದರೂ ಗೊತ್ತಾ? ಮಾರ್ಚ್‌ನಲ್ಲಿ ಗಂಡ ನಾಲ್ಕು ವರ್ಷದ ಅಳತೆಯ ಜಾಕೆಟ್ ತೆಗೆದಿಟ್ಟಿದ್ದಾರೆ. ಇಲ್ಲಿ ಅಮ್ಮ ದಿನಾ ತುಪ್ಪ ಹಾಕುತ್ತಿದ್ದಾರೆ. ಐದರದ್ದು ತರಿಸಲಾ, ಆರರದ್ದಾ?