ಸಹಾಯ ಬೇಕು: ಕೋವಿಡ್ ವರ್ಷಗಳ ಹೆಚ್ಚುವರಿ ಸಾವಿನ ಲೆಕ್ಕ
ಎಲ್ಲರಿಗೂ ನಮಸ್ಕಾರ. ಕೋವಿಡ್ ಕಾಲದಲ್ಲಿ ನಮ್ಮ ದೇಶದಲ್ಲಿ ಎಂದಿಗಿಂತ ಎಷ್ಟು ಜನ ಜಾಸ್ತಿ ತೀರಿಕೊಂಡರು ಅಂತ ಲೆಕ್ಕ ಹಾಕುತ್ತಿದ್ದೇನೆ, ಒಂದು ಕಡೆ ಸಿಕ್ಕಿಕೊಂಡಿದ್ದೇನೆ. ನೋಂದಣಿಯಾದ ಸಾವು 2019ರಲ್ಲಿ ಸುಮಾರು 76 ಲಕ್ಷ, 2020ರಲ್ಲಿ 81 ಲಕ್ಷ, 2021ರಲ್ಲಿ 1.02 ಕೋಟಿ. ಸುಮ್ನೆ ಕಳೆದರೆ ಆಯ್ತು ಅಂದುಕೊಂಡಿದ್ದೆ. ಆದರೆ ಕೋವಿಡ್‌ಗೆ ಮೊದಲೇ ನೋಂದಣಿ ವರ್ಷ ವರ್ಷವೂ ಏರುತ್ತಿತ್ತಲ್ವಾ, ಆ ಏರಿಕೆಯನ್ನು ಬೇರೆ ಮಾಡೋದು ಹೇಗೆ? ಹಿಂದಿನ ಐದು ವರ್ಷದ ಸರಾಸರಿ ಹಿಡಿಯಬೇಕೋ, ಏರುವ ಗೆರೆಯನ್ನೇ ಮುಂದಕ್ಕೆ ಎಳೆಯಬೇಕೋ? ವಿಶ್ವ ಆರೋಗ್ಯ ಸಂಸ್ಥೆ ಎರಡು ವರ್ಷಕ್ಕೆ 47 ಲಕ್ಷ ಅಂದಿತ್ತು, ಸರ್ಕಾರ ಒಪ್ಪಲಿಲ್ಲ.

ನಮ್ಮಜ್ಜಿ 2021ರ ಮೇನಲ್ಲಿ ಉಸಿರು ಸಿಗದೆ ಮನೆಯಲ್ಲೇ ಹೋದರು. ಟೆಸ್ಟ್ ಆಗಿರಲಿಲ್ಲ, ಕೋವಿಡ್ ಪಟ್ಟಿಯಲ್ಲಿ ಅವರಿಲ್ಲ. ಅಂಥವರೂ ಎಣಿಕೆಗೆ ಬರಬೇಕು. ಸಂಖ್ಯಾಶಾಸ್ತ್ರ ಓದಿದವರು ದಯವಿಟ್ಟು ದಾರಿ ತೋರಿಸಿ, ತಿಂಗಳುವಾರು ಅಂಕಿ ಇದ್ದರೆ ಕಳಿಸಿ.