ಅಪ್ಪನಿಗೆ ಸಿನಿಮಾದ ಮಾತು ಸರಿಯಾಗಿ ಕೇಳಿಸಬೇಕು, ಯಾವ ಎವಿ ರಿಸೀವರ್ ತಗೊಳ್ಳಲಿ?

ಸಾಧನಕೇರಿ_ಮಳೆ:

ಎಲ್ಲರಿಗೂ ನಮಸ್ಕಾರ. ಮನೆ ಧಾರವಾಡದಲ್ಲಿ. ಹಾಲ್ 12 ಅಡಿ ಅಗಲ, 15 ಅಡಿ ಉದ್ದ. ನೆಲಕ್ಕೆ ಟೈಲ್ಸ್, ಗೋಡೆ ಎಲ್ಲ ಬೋಳು, ಒಂದು ಕಡೆ ದೊಡ್ಡ ಕಿಟಕಿ. ಟಿವಿ 55 ಇಂಚಿನದು, ಹಿಂದೆ ಒಂದು ಎಚ್‌ಡಿಎಂಐ ಪೋರ್ಟ್ ಪಕ್ಕ ಇ-ಎಆರ್‌ಸಿ ಅಂತ ಬರೆದಿದೆ (ಟಿವಿಯ ಸದ್ದನ್ನು ಎಚ್‌ಡಿಎಂಐ ವೈರಿನಲ್ಲೇ ಹೊರಗೆ ಕಳಿಸುವ ದಾರಿಯಂತೆ).

ಅಪ್ಪನಿಗೆ 71 ವರ್ಷ. ಕಿವಿ ಸ್ವಲ್ಪ ಮಂದ, ಆದರೆ ಎದುರು ಕೂತು ಮಾತಾಡಿದರೆ ಎಲ್ಲ ಕೇಳಿಸುತ್ತದೆ. ಸಿನಿಮಾ ಹಾಕಿದಾಗ ಮಾತ್ರ ಕಷ್ಟ. ಫೈಟು, ಹಾಡು ಬಂದರೆ ಮನೆ ಅದುರುತ್ತದೆ, ಮಾತು ಬಂದಾಗ ಯಾರೋ ಬಾಯಿಗೆ ಟವೆಲ್ ಹಿಡಿದು ಮಾತಾಡಿದ ಹಾಗೆ. ರಿಮೋಟ್ ಕೈಯಲ್ಲೇ ಇಟ್ಟುಕೊಂಡು ಏರಿಸು ಇಳಿಸು, ಏರಿಸು ಇಳಿಸು, ಅರ್ಧ ಸಿನಿಮಾ ಆಗುವಷ್ಟರಲ್ಲಿ "ನೀವ ನೋಡ್ರಿ" ಅಂತ ಎದ್ದು ಒಳಗೆ ಹೋಗಿಬಿಡುತ್ತಾರೆ. ಮೊದಲೆಲ್ಲ ಭಾನುವಾರ ಎಲ್ಲರೂ ಒಟ್ಟಿಗೆ ಕೂತು ನೋಡುತ್ತಿದ್ದೆವು. ಅದಕ್ಕೇ ಈ ಸಲ ಎವಿ ರಿಸೀವರ್ (ಟಿವಿಯ ಸದ್ದನ್ನು ಹಲವು ಸ್ಪೀಕರ್‌ಗಳಿಗೆ ಹಂಚಿ ಓಡಿಸುವ ಆಂಪ್ಲಿಫೈಯರ್) ತಗೊಂಡು ಸರಿಯಾಗಿ ಏನಾದರೂ ಮಾಡಲೇಬೇಕು ಅಂತ ಹೊರಟಿದ್ದೇನೆ.

ಅಂಗಡಿಗೆ ಹೋದರೆ ಅವರು 7.2 ಆಟ್ಮಾಸ್ ಇಲ್ಲದೆ ತಗೊಂಡು ಪ್ರಯೋಜನ ಇಲ್ಲ ಅಂದರು. ಇನ್ನೊಂದು ಕಡೆ "1000 ವ್ಯಾಟ್" ಅಂತ ಬಾಕ್ಸ್ ಮೇಲೆ ಬರೆದದ್ದು ತೋರಿಸಿದರು. ನನಗೆ ತಲೆಬುಡ ಗೊತ್ತಾಗಲಿಲ್ಲ. ಅಟ್ಟದ ಮೇಲೆ 2011ರಲ್ಲಿ ತಂದ ಹಳೆಯ ಡಿವಿಡಿ ಹೋಮ್ ಥಿಯೇಟರ್ ಸೆಟ್ಟಿನ ಐದು ಪುಟ್ಟ ಸ್ಪೀಕರ್ ಇವೆ, ಅವನ್ನೇ ಹೊಸ ರಿಸೀವರ್‌ಗೆ ಹಾಕಬಹುದಾ? ಒಟ್ಟು 80 ಸಾವಿರ ಹೊಂದಿಸಿದ್ದೇನೆ. ಮುಂದಿನ ತಿಂಗಳು ಮನೆಗೆ ಪೇಂಟ್ ಮಾಡಿಸುತ್ತಿದ್ದೇವೆ, ಗೋಡೆ ಒಡೆದು ವೈರ್ ಹಾಕಿಸುವುದಿದ್ದರೆ ಈಗಲೇ ಮಾಡಿಸಬೇಕು.

ಮೈಸೂರು_ಕೇಳುಗ:

ಸರ್, ಮೊದಲು ಆ ಹಳೆಯ ಸ್ಪೀಕರ್ ಒಂದನ್ನು ಕೆಳಗಿಳಿಸಿ ಹಿಂದಿನ ಸ್ಟಿಕ್ಕರ್ ನೋಡಿ. ಅಂಥ ಸೆಟ್‌ಗಳ ಸ್ಪೀಕರ್ ಬಹಳಷ್ಟು 3 ಅಥವಾ 4 ಓಮ್ (ಸ್ಪೀಕರ್ ಕರೆಂಟಿಗೆ ಒಡ್ಡುವ ತಡೆಯ ಅಳತೆ) ಇರುತ್ತವೆ. ಮಾಮೂಲಿ ರಿಸೀವರ್‌ಗಳು ಕೇಳುವುದು 6 ಓಮ್ ಅಥವಾ ಅದಕ್ಕಿಂತ ಜಾಸ್ತಿ. 3 ಓಮಿನದನ್ನು ಹಾಕಿ ಜೋರಾಗಿ ಕೇಳಿದರೆ ರಿಸೀವರ್ ಬಿಸಿಯಾಗಿ ಪ್ರೊಟೆಕ್ಷನ್‌ಗೆ ಹೋಗುತ್ತದೆ, ಅಂದರೆ ತಾನೇ ಆಫ್ ಆಗುತ್ತದೆ, ಕೆಟ್ಟರೂ ಕೆಡಬಹುದು. ಅದೂ ಅಲ್ಲದೆ ಅಷ್ಟು ಚಿಕ್ಕ ಡಬ್ಬಿಯಲ್ಲಿ ಗಂಡಸರ ದನಿಯ ಕೆಳಗಿನ ಅರ್ಧ ಬರುವುದೇ ಇಲ್ಲ. ನಿಮ್ಮ ಸಮಸ್ಯೆಯೇ ಮಾತು ತಾನೇ, ಹಾಗಾಗಿ ಅವು ಅಟ್ಟದಲ್ಲೇ ಇರಲಿ.

ಈಗ ವ್ಯಾಟ್ ವಿಷಯ. ಬಾಕ್ಸ್ ಮೇಲಿನ ದೊಡ್ಡ ಸಂಖ್ಯೆಯನ್ನು ಬಿಟ್ಟುಬಿಡಿ. ಒಂದೇ ಚಾನೆಲ್ ಓಡಿಸಿ, 1 ಕಿಲೋಹರ್ಟ್ಸ್ ಸದ್ದು ಮಾತ್ರ ಕೊಟ್ಟು, 10 ಪರ್ಸೆಂಟ್ ಡಿಸ್ಟಾರ್ಶನ್ (ದನಿ ಒಡೆಯುವುದು) ಬರುವ ತನಕ ಒತ್ತಿ ಅಳೆದರೆ ಯಾವ ಆಂಪ್ಲಿಫೈಯರ್ ಬೇಕಾದರೂ ದೊಡ್ಡ ಸಂಖ್ಯೆ ತೋರಿಸುತ್ತದೆ. ನೀವು ನೋಡಬೇಕಾದ್ದು 20 ಹರ್ಟ್ಸ್‌ನಿಂದ 20 ಕಿಲೋಹರ್ಟ್ಸ್ ತನಕ, ಎರಡು ಚಾನೆಲ್ ಒಟ್ಟಿಗೆ ಓಡುವಾಗ ಎಷ್ಟು ಅನ್ನುವ ಸಾಲು. ಅದು 60-70 ವ್ಯಾಟ್ ಇದ್ದರೆ ನಿಮ್ಮ ಹಾಲ್‌ಗೆ ಧಾರಾಳ. ವ್ಯಾಟ್ ದುಪ್ಪಟ್ಟಾದರೂ ಸದ್ದು ಏರುವುದು ಬರೀ 3 ಡೆಸಿಬಲ್, ಅದು ಕಿವಿಗೆ "ಸ್ವಲ್ಪ ಜೋರು" ಅನ್ನಿಸುವಷ್ಟೇ. ಅದರ ಬದಲು 86 ಡೆಸಿಬಲ್ ಸೆನ್ಸಿಟಿವಿಟಿ (ಅಷ್ಟೇ ವ್ಯಾಟ್‌ಗೆ ಎಷ್ಟು ಜೋರು ನುಡಿಯುತ್ತದೆ ಅನ್ನುವ ಅಳತೆ) ಇರುವ ಸ್ಪೀಕರ್ ಬಿಟ್ಟು 89 ಇರುವುದನ್ನು ತಗೊಂಡರೆ ಅಷ್ಟೇ ಲಾಭ ಪುಕ್ಕಟೆ ಸಿಗುತ್ತದೆ.

ಆಟ್ಮಾಸ್ ಅಂದರೆ ತಲೆ ಮೇಲಿಂದಲೂ ಸದ್ದು ಬರುವುದು. 5.1.2 (ಸುತ್ತ ಐದು ಸ್ಪೀಕರ್, ಬೇಸ್ ಸದ್ದಿಗೆ ಒಂದು ಸಬ್‌ವೂಫರ್, ಮೇಲೆ ಎರಡು) ಮಾಡಬೇಕಾದರೆ ಸೀಲಿಂಗ್‌ಗೆ ಎರಡು ಸ್ಪೀಕರ್, ಏಳು ಚಾನೆಲ್ ಆಂಪ್ಲಿಫೈಯರ್ ಬೇಕು. ನಿಮಗೆ ಇಷ್ಟ ಇದ್ದರೆ ಡೆನಾನ್ ಎವಿಆರ್-ಎಕ್ಸ್1800ಎಚ್ ಥರದ್ದು ನೋಡಬಹುದು. ಅಪ್ಪನಿಗೆ ಮಾತು ಕೇಳಿಸಬೇಕು ಅನ್ನುವುದಷ್ಟೇ ಆದರೆ ಯಮಹಾ ಆರ್‌ಎಕ್ಸ್-ವಿ385 ಥರದ 5.1 ರಿಸೀವರ್ ಸಾಕು. ಅದರಲ್ಲಿ ಆಟ್ಮಾಸ್ ಇಲ್ಲ, ವೈಫೈ ಇಲ್ಲ, ಬ್ಲೂಟೂತ್ ಇದೆ, ನಾಲ್ಕು ಎಚ್‌ಡಿಎಂಐ ಇನ್‌ಪುಟ್ ಇವೆ, ಮೈಕ್ ಇಟ್ಟು ರೂಮ್ ಅಳೆಯುವ ವೈಪಿಎಒ ಇದೆ. ಆಟ್ಮಾಸ್ ಸಿನಿಮಾ ಹಾಕಿದರೂ 5.1 ಆಗಿ ನುಡಿಯುತ್ತದೆ, ಏನೂ ಕಳೆದುಹೋಗುವುದಿಲ್ಲ. ಟಿವಿಯಲ್ಲಿ ಇ-ಎಆರ್‌ಸಿ, ರಿಸೀವರ್‌ನಲ್ಲಿ ಬರೀ ಅದರ ಹಳೆಯ ರೂಪ ಎಆರ್‌ಸಿ ಇದ್ದರೆ ಹೇಗೆ ಅಂತ ಭಯ ಬೇಡ, ಒಟಿಟಿಯ ಡಾಲ್ಬಿ ಡಿಜಿಟಲ್ ಪ್ಲಸ್ ಎಆರ್‌ಸಿಯಲ್ಲೇ ಆರಾಮಾಗಿ ಹಾಯುತ್ತದೆ.

ಉಳಿಸಿದ ದುಡ್ಡನ್ನೆಲ್ಲ ಟಿವಿಯ ಕೆಳಗೆ ನಡುವೆ ಇಡುವ ಸೆಂಟರ್ ಸ್ಪೀಕರ್‌ಗೆ ಸುರಿಯಿರಿ. ಇದನ್ನು ಒತ್ತಿ ಹೇಳುತ್ತೇನೆ. 5.1 ಸಿನಿಮಾದಲ್ಲಿ ಮಾತಿನ ಬಹುಪಾಲು ಬರುವುದು ಆ ಒಂದು ಸ್ಪೀಕರ್‌ನಿಂದ. ಜನ ಅದನ್ನು ಟಿವಿ ಯೂನಿಟ್‌ನ ಗೂಡಿನಲ್ಲಿ ಒಳಗೆ ತಳ್ಳಿ, ಮುಂದೆ ಗಣಪತಿ ಮೂರ್ತಿ, ಫೋಟೊ ಇಟ್ಟುಬಿಡುತ್ತಾರೆ. ಆಗ ದನಿ ಗುಂಯ್ ಅನ್ನುತ್ತದೆ. ಸ್ಪೀಕರ್‌ನ ಮುಖ ಶೆಲ್ಫಿನ ಅಂಚಿಗೆ ಸಮ ಬರಲಿ. ಕೆಳಗಿದ್ದರೆ ಮುಂದಿನ ಅಂಚಿನಡಿ ರಬ್ಬರ್ ತುಂಡು ಕೊಟ್ಟು ಕೂತವರ ಕಿವಿಯ ಕಡೆ ಎತ್ತಿ.

ಇನ್ನು ಆ ಹಾಲ್. ಮಧ್ಯದಲ್ಲಿ ನಿಂತು ಒಂದು ಸಲ ಚಪ್ಪಾಳೆ ತಟ್ಟಿ. ಟಣ್ಣನೆ ಒಂದು ಬಾಲ ಎಳೆದುಕೊಂಡು ಹೋಗುತ್ತದಲ್ಲ, ಅದೇ ನಿಮ್ಮಪ್ಪನ ಶತ್ರು. ಪ್ರತಿ ಅಕ್ಷರದ ಹಿಂದೆಯೂ ಆ ಬಾಲ ಇರುತ್ತದೆ, ಕಿವಿ ಮಂದ ಇದ್ದವರಿಗೆ ಅದನ್ನು ಬಿಡಿಸಿ ಕೇಳುವುದು ಇನ್ನೂ ಕಷ್ಟ. ನೀವು ಧಾರವಾಡದವರು, ಮನೆಯಲ್ಲಿ ನವಲಗುಂದದ ಜಮಖಾನ ಇದ್ದೇ ಇರುತ್ತದೆ. ಟಿವಿಗೂ ಸೋಫಾಗೂ ನಡುವೆ ಮಡಿಸಿ ಎರಡು ಪದರ ಹಾಸಿ. ಕಿಟಕಿಗೆ ದಪ್ಪ ಪರದೆ ಹಾಕಿ. ಸೋಫಾ ಹಿಂಗೋಡೆಗೆ ಅಂಟಿಸಬೇಡಿ, ಒಂದೂವರೆ ಅಡಿ ಆದರೂ ಮುಂದೆ ಎಳೆಯಿರಿ.

ಎಸ್‌ಪಿ_ರೋಡ್_ಹಳಬ:

ಮೈಸೂರಿನವರು ಹೇಳಿದ್ದರಲ್ಲಿ ಸೆಂಟರ್ ಮಾತು ನೂರಕ್ಕೆ ನೂರು ಒಪ್ಪುತ್ತೇನೆ. ಆದರೆ ಈಗಲೇ ಐದು ಸ್ಪೀಕರ್ ಯಾಕೆ? 80 ಸಾವಿರವನ್ನು ಐದಕ್ಕೆ ಹಂಚಿದರೆ ಐದೂ ಸಾಧಾರಣ ಆಗುತ್ತವೆ. ನಾನಾದರೆ ಮುಂದಿನ ಮೂರು ಮಾತ್ರ ತಗೊಂಡು, ಒಂದು ಸಬ್‌ವೂಫರ್ ಸೇರಿಸಿ 3.1 ಮಾಡುತ್ತಿದ್ದೆ. ಸರೌಂಡ್ (ಪಕ್ಕದ, ಹಿಂದಿನ ಸ್ಪೀಕರ್) ಇಲ್ಲ ಅಂತ ರಿಸೀವರ್‌ಗೆ ಹೇಳಿದರೆ ಆ ಸದ್ದನ್ನು ಅದು ಮುಂದಿನವಕ್ಕೇ ಸೇರಿಸಿಕೊಡುತ್ತದೆ. ಸರೌಂಡ್ ಮುಂದಿನ ವರ್ಷ ತಗೊಳ್ಳಿ, ಓಡಿ ಹೋಗುವುದಿಲ್ಲ. ಮೂರೂ ಒಂದೇ ಕಂಪನಿಯ ಒಂದೇ ಸರಣಿಯವು ಇರಲಿ, ಇಲ್ಲದಿದ್ದರೆ ಪಾತ್ರ ಎಡದಿಂದ ಬಲಕ್ಕೆ ನಡೆಯುವಾಗ ದನಿಯೇ ಬದಲಾದ ಹಾಗೆ ಆಗುತ್ತದೆ.

ಸೆಕೆಂಡ್ ಹ್ಯಾಂಡ್ ರಿಸೀವರ್ ಬಗ್ಗೆಯೂ ಯೋಚಿಸಿ. ಬೆಂಗಳೂರಿನಲ್ಲಿ ಒಳ್ಳೊಳ್ಳೆಯವು ಸಿಗುತ್ತವೆ. ಎಚ್‌ಡಿಎಂಐ ಹಳೆಯದಾಗಿ 4ಕೆ ಹಾಯದಿದ್ದರೂ ಚಿಂತೆ ಇಲ್ಲ, ಚಿತ್ರ ಟಿವಿಗೇ ಹೋಗಲಿ, ಸದ್ದು ಮಾತ್ರ ಆಪ್ಟಿಕಲ್ ಕೇಬಲ್‌ನಲ್ಲಿ ತನ್ನಿ, ಡಾಲ್ಬಿ ಡಿಜಿಟಲ್ 5.1 ಅದರಲ್ಲಿ ಬರುತ್ತದೆ. ಒಂದೇ ಎಚ್ಚರಿಕೆ: ರೂಮ್ ಅಳೆಯುವ ಕ್ಯಾಲಿಬ್ರೇಶನ್ ಮೈಕ್ ಇದೆಯಾ ಕೇಳಿ. ಬಹಳ ಜನ ಕಳೆದುಕೊಂಡಿರುತ್ತಾರೆ, ಬೇರೆ ಕಂಪನಿಯ ಮೈಕ್ ಹಾಕಿದರೆ ಅಳತೆ ತಪ್ಪುತ್ತದೆ. ಪ್ರತಿ ಚಾನೆಲ್‌ಗೂ ಒಂದೇ ಸ್ಪೀಕರ್ ಬದಲಾಯಿಸಿ ಬದಲಾಯಿಸಿ ಹಾಕಿ ಕೇಳಿ, ಆಮೇಲೆ ದುಡ್ಡು ಕೊಡಿ.

ವೈರಿಂಗ್_ಕೆಲಸ:

ನಾನು ಇದೇ ಕೆಲಸ ಮಾಡುವವನು, ನನಗೆ ಗೊತ್ತಿರುವಷ್ಟು ಹೇಳುತ್ತೇನೆ. ಸರೌಂಡ್ ಈಗ ಬೇಡ ಅಂದರೂ ಪೈಪ್ ಈಗಲೇ ಹಾಕಿಸಿಬಿಡಿ ಅಣ್ಣಾ. ಪೇಂಟ್ ಆದಮೇಲೆ ಮತ್ತೆ ಗೋಡೆ ಒಡೆಯಲು ಮನೆಯಲ್ಲಿ ಯಾರೂ ಬಿಡುವುದಿಲ್ಲ. ಟಿವಿ ಹಿಂದಿನಿಂದ ಸೋಫಾದ ಎಡಬಲಕ್ಕೆ ಮುಕ್ಕಾಲು ಇಂಚಿನ ಪೈಪ್ ಸಾಕು. ಬಾಯಿ ಬರಬೇಕಾದ್ದು ಕೂತವರ ಕಿವಿಯ ಪಕ್ಕಕ್ಕಿಂತ ತುಸು ಹಿಂದೆ, ಕಿವಿಗಿಂತ ಒಂದೆರಡು ಅಡಿ ಮೇಲೆ. ಎಚ್‌ಡಿಎಂಐ ಎಳೆಯುವ ಕಡೆ ಮಾತ್ರ ಒಂದೂವರೆ ಇಂಚಿನದು ಹಾಕಿ, ತುದಿಯ ತಲೆ ದಪ್ಪ, ಚಿಕ್ಕ ಪೈಪಿನ ತಿರುವಿನಲ್ಲಿ ಸಿಕ್ಕಿಕೊಳ್ಳುತ್ತದೆ. ಒಳಗೆ ಒಂದು ನೈಲಾನ್ ದಾರ ಬಿಟ್ಟಿರಿ. ಕರೆಂಟಿನ ವೈರ್ ಇರುವ ಪೈಪಿನಲ್ಲೇ ಸ್ಪೀಕರ್ ವೈರ್ ತೂರಿಸಲು ಯಾರಾದರೂ ಬಂದರೆ ಬೇಡ ಅನ್ನಿ.

ವೈರ್ 16 ಗೇಜ್ ತಾಮ್ರದ್ದು ತಗೊಳ್ಳಿ. ಅಂಗಡಿಯಲ್ಲೇ ತುದಿ ಬಿಡಿಸಿ ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದು ನೋಡಿ. ಒಳಗೂ ಕೆಂಪಿದ್ದರೆ ತಾಮ್ರ, ಬೆಳ್ಳಗಾದರೆ ಅಲ್ಯೂಮಿನಿಯಂಗೆ ತಾಮ್ರ ಬಳಿದದ್ದು. ಅದು ಸ್ಕ್ರೂ ಹತ್ತಿರ ಮುರಿಯುತ್ತದೆ.

ರಿಸೀವರ್ ಅನ್ನು ಗಾಜಿನ ಬಾಗಿಲಿನ ಶೋಕೇಸ್ ಒಳಗೆ ಮುಚ್ಚಿಡಬೇಡಿ. ಮೇಲೆ ಒಂದು ಗೇಣಾದರೂ ಖಾಲಿ ಇರಲಿ. ಸ್ಕ್ವೇರ್ ವೇವ್ ಇನ್ವರ್ಟರ್ ಲೈನಿಗೆ ಕೊಡಬೇಡಿ. ಗುಡುಗು ಮಿಂಚು ಶುರುವಾದರೆ ಪ್ಲಗ್ ಜೊತೆ ಕೇಬಲ್ ಟಿವಿ ವೈರನ್ನೂ ಕಿತ್ತಿಡಿ. ಸಬ್‌ನಲ್ಲಿ ಜುಂಯ್ ಅಂತ ಸದ್ದು ಬಂದರೆ ಮೊದಲು ಅದೇ ಕೇಬಲ್ ವೈರ್ ತೆಗೆದು ನೋಡಿ, ಎಷ್ಟೋ ಸಲ ಅಲ್ಲಿಗೇ ನಿಲ್ಲುತ್ತದೆ.

ಸಾಧನಕೇರಿ_ಮಳೆ:

ಆರು ವಾರ ಆಯಿತು, ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಹಳೆಯ ಸ್ಪೀಕರ್ 3 ಓಮ್ ಅಂತಲೇ ಬರೆದಿತ್ತು. ಪೈಪ್ ಹಾಕಿಸಿದೆ. 5.1 ರಿಸೀವರ್ ಹೊಸದೇ ತಂದೆ, ಸ್ಪೀಕರ್ ಸದ್ಯಕ್ಕೆ 3.1.

ನಿನ್ನೆ ಜೋಡಿಸಿದೆ. ಆನ್ ಮಾಡಿದ ತಕ್ಷಣ ಟಕ್ ಅಂದು ಆಫ್ ಆಯಿತು. ಮತ್ತೆ ಆನ್, ಮತ್ತೆ ಟಕ್. ಎದೆ ಧಸಕ್ಕೆಂದಿತು. ಟಾರ್ಚ್ ಹಿಡಿದು ಹಿಂದೆ ಬಗ್ಗಿ ನೋಡಿದರೆ, ಬಲಗಡೆ ಸ್ಪೀಕರಿನ ಕೆಂಪು ಟರ್ಮಿನಲ್‌ನಿಂದ ತಾಮ್ರದ ಒಂದೇ ಒಂದು ಎಳೆ, ಕೂದಲಿನಷ್ಟು ತೆಳ್ಳಗೆ, ಆಚೆ ಬಾಗಿ ಕಪ್ಪು ಟರ್ಮಿನಲ್‌ಗೆ ತಾಗಿತ್ತು. ತುದಿ ಹೊಸೆದು ಬನಾನಾ ಪ್ಲಗ್ ಹಾಕಿದ ಮೇಲೆ ಸರಿಯಾಯಿತು.

ಈಗ ಸಮಸ್ಯೆ ಬೇರೆ. ಎಡಬಲ ಎರಡರಲ್ಲೂ ಸದ್ದು ಬರುತ್ತದೆ, ಸಬ್ ಬರುತ್ತದೆ, ಸೆಂಟರ್ ಮಾತ್ರ ಸುಮ್ನೆ ಕೂತಿದೆ. ಟೆಸ್ಟ್ ಟೋನ್ ಹಾಕಿದರೆ ಸೆಂಟರ್ ನುಡಿಯುತ್ತದೆ. ರಿಸೀವರ್ ಡಿಸ್‌ಪ್ಲೇಯಲ್ಲಿ ಪಿಸಿಎಂ ಅಂತ ತೋರಿಸುತ್ತಿದೆ. ಯಾವುದಕ್ಕೋಸ್ಕರ ಇಷ್ಟೆಲ್ಲ ಮಾಡಿದೆನೋ ಅದೇ ಬರುತ್ತಿಲ್ಲ, ದಯವಿಟ್ಟು ಹೇಳಿ.

ಮೈಸೂರು_ಕೇಳುಗ:

ಗಾಬರಿ ಆಗಬೇಡಿ, ಉತ್ತರ ನಿಮ್ಮ ಡಿಸ್‌ಪ್ಲೇಯಲ್ಲೇ ಇದೆ. ಟಿವಿ ಎಲ್ಲವನ್ನೂ ಎರಡು ಚಾನೆಲ್ ಮಾಡಿ ಕಳಿಸುತ್ತಿದೆ. ಟಿವಿಯ ಸೌಂಡ್ ಸೆಟ್ಟಿಂಗ್‌ನಲ್ಲಿ ಡಿಜಿಟಲ್ ಔಟ್‌ಪುಟ್ ಅಂತ ಇರುತ್ತದೆ, ಅದನ್ನು ಪಿಸಿಎಂನಿಂದ ಪಾಸ್ ಥ್ರೂ ಅಥವಾ ಬಿಟ್‌ಸ್ಟ್ರೀಮ್‌ಗೆ ಬದಲಾಯಿಸಿ. ಆಮೇಲೆ 5.1 ಇರುವ ಸಿನಿಮಾ ಹಾಕಿ. ಡಿಸ್‌ಪ್ಲೇಯಲ್ಲಿ ಡಾಲ್ಬಿ ಅಂತ ಬರಬೇಕು. ಹಳೆಯ ಸಿನಿಮಾ, ಧಾರಾವಾಹಿ ಎರಡೇ ಚಾನೆಲ್ ಇರುತ್ತವೆ, ಅವಕ್ಕೆ ರಿಮೋಟ್‌ನಲ್ಲಿ ಸ್ಟ್ರೇಟ್ (ಬಂದ ಸದ್ದನ್ನು ಹಾಗೇ ನುಡಿಸುವ ಮೋಡ್) ಬಿಟ್ಟು ಸರೌಂಡ್ ಡಿಕೋಡರ್ ಆರಿಸಿ, ಮಾತು ಸೆಂಟರ್‌ಗೆ ಬರುತ್ತದೆ.

ಮೈಕ್ ಅಳತೆ ಮಾಡುವಾಗ ಫ್ಯಾನ್ ಆಫ್ ಮಾಡಿ, ಅಡುಗೆಮನೆಯಲ್ಲಿ ಕುಕ್ಕರ್ ಇಟ್ಟಿಲ್ಲ ಅಂತ ನೋಡಿಕೊಳ್ಳಿ. ಮೈಕನ್ನು ದಿಂಬಿನ ಮೇಲೆ ಇಡಬೇಡಿ, ಅಪ್ಪ ಕೂರುವ ಜಾಗದಲ್ಲಿ ಅವರ ಕಿವಿಯ ಎತ್ತರಕ್ಕೆ ಸ್ಟ್ಯಾಂಡ್ ಮೇಲಿಡಿ. ಮುಗಿದ ಮೇಲೆ ಮೂರು ವಿಷಯ ನೋಡಿ. ಸ್ಪೀಕರ್ ಲಾರ್ಜ್ ಅಂತ ಬಂದಿದ್ದರೆ ಸ್ಮಾಲ್ ಮಾಡಿ, ಕ್ರಾಸ್‌ಓವರ್ 80 ಹರ್ಟ್ಸ್ ಕೊಡಿ, ಅದಕ್ಕಿಂತ ಕೆಳಗಿನ ಸದ್ದು ಸಬ್‌ಗೆ ಹೋಗುತ್ತದೆ. ಸಬ್ ದೂರ ಟೇಪಿನಲ್ಲಿ ಅಳೆದದ್ದಕ್ಕಿಂತ ಜಾಸ್ತಿ ತೋರಿಸಿದರೆ ಮುಟ್ಟಬೇಡಿ, ಸಬ್ ಒಳಗಿನ ತಡವನ್ನೂ ಲೆಕ್ಕ ಹಿಡಿದೇ ಅದು ಹಾಗೆ ಕೊಡುವುದು. ಆಮೇಲೆ ಸೆಂಟರ್ ಲೆವೆಲ್ 2 ಡೆಸಿಬಲ್ ಏರಿಸಿ, ಸಾಲದಿದ್ದರೆ ಇನ್ನೊಂದು. ಡೈನಾಮಿಕ್ ರೇಂಜ್ ಅನ್ನುವ ಸೆಟ್ಟಿಂಗ್ ಅನ್ನೂ ಕಡಿಮೆ ಮಾಡಿ, ಫೈಟಿನ ಸದ್ದು ತಗ್ಗಿ ಮಾತಿನ ಹತ್ತಿರ ಬರುತ್ತದೆ. ಅಪ್ಪ ರಿಮೋಟ್ ಹಿಡಿದು ಒದ್ದಾಡುತ್ತಿದ್ದದ್ದು ಇದಕ್ಕೇ.

ಸಾಧನಕೇರಿ_ಮಳೆ:

ಪಾಸ್ ಥ್ರೂ ಮಾಡಿದೆ, ಡಾಲ್ಬಿ ಬಂತು, ಸೆಂಟರ್ ಬಾಯಿ ಬಿಟ್ಟಿತು ಸರ್! ಲೆವೆಲ್ 3 ಏರಿಸಿದ್ದೇನೆ. ಅವ್ವ ಜಮಖಾನ ತೆಗೆದು ಹಾಸಿದರು, ಚಪ್ಪಾಳೆ ತಟ್ಟಿದರೆ ಆ ಬಾಲ ಅರ್ಧಕ್ಕರ್ಧ ಇಲ್ಲ. ರಾತ್ರಿ ಊಟ ಆದಮೇಲೆ ಸಿನಿಮಾ ಹಾಕಿದೆ. ಅಪ್ಪ ಪೂರ್ತಿ ನೋಡಿದರು, ರಿಮೋಟ್ ಟೀಪಾಯಿ ಮೇಲೇ ಇತ್ತು. ನಡುವೆ ಒಂದು ಕಡೆ ನಾನು ಏನೋ ಕೇಳಿದ್ದಕ್ಕೆ "ಸುಮ್ಮನಿರೋ, ಅವ ಏನೋ ಹೇಳಾಕತ್ತಾನ" ಅಂದರು.

ಸಬ್ ಮಾತ್ರ ಮೂಲೆಯಲ್ಲಿ ಇಟ್ಟಿರುವುದಕ್ಕೆ ಸ್ವಲ್ಪ ಗುಂಯ್ ಅನ್ನುತ್ತಿದೆ. ಎಲ್ಲಿಗೆ ಸರಿಸಲಿ?

ಎಸ್‌ಪಿ_ರೋಡ್_ಹಳಬ:

ಸಬ್ ಅನ್ನು ಎತ್ತಿ ಅಪ್ಪ ಕೂರುವ ಸೋಫಾ ಮೇಲೆ ಇಟ್ಟು, ಒಂದೇ ಬೇಸ್ ಹಾಡನ್ನು ತಿರುಗಾ ಮುರುಗಾ ಹಾಕಿ. ನೀವು ಅಂಬೆಗಾಲಿಟ್ಟು ಗೋಡೆಗುಂಟ ಹೋಗಿ, ಕಿವಿ ನೆಲದಿಂದ ಒಂದಡಿ ಮೇಲಿರಲಿ. ಗುಂಯ್ ಇಲ್ಲದೆ ಒಂದೊಂದು ಪೆಟ್ಟೂ ಬಿಡಿಬಿಡಿಯಾಗಿ ಕೇಳಿಸುವ ಜಾಗ ಸಿಗುತ್ತದೆ, ಅಲ್ಲಿಗೆ ಚಾಕ್‌ಪೀಸ್‌ನಲ್ಲಿ ಗುರುತು ಹಾಕಿ ಸಬ್ ಇಡಿ. ಇಟ್ಟಮೇಲೆ ಮೈಕ್ ಅಳತೆ ಇನ್ನೊಂದು ಸಲ ಮಾಡಿಸಬೇಕು, ಸೆಂಟರ್ ಲೆವೆಲ್ 3 ಅಂತ ಬರೆದಿಟ್ಟುಕೊಳ್ಳಿ, ಅದು ಅಳಿಸಿಹೋಗುತ್ತದೆ.