ಡ್ರ್ಯಾಗ್ ಓಟದ ಕಾಂಟೆಸ್ಸಾಗೆ ಯಾವ ಮ್ಯಾನುಯಲ್ ಗೇರ್‌ಬಾಕ್ಸ್, ಯಾವ ಶಿಫ್ಟರ್?

ಹಿಂಡಲಗಾ_ಕಾಂಟೆಸ್ಸಾ (ಬೆಳಗಾವಿ):
ನಮಸ್ಕಾರ. ಹಳೆಯ ಕಾಂಟೆಸ್ಸಾ ಕಾರೊಂದನ್ನು ಕಾಲು ಮೈಲಿಯ, ಅಂದರೆ 402 ಮೀಟರಿನ ಓಟಕ್ಕೆಂದೇ ಸಿದ್ಧಪಡಿಸುತ್ತಿದ್ದೇನೆ. ಅದನ್ನು ರಸ್ತೆಗೆ ಇಳಿಸುವ ಉದ್ದೇಶವಿಲ್ಲ. ಟೊಯೋಟಾದ 2.5 ಲೀಟರ್ 1ಜೆಝಡ್ ಟರ್ಬೊ ಎಂಜಿನ್ ಸುಮಾರು 400 ಅಶ್ವಶಕ್ತಿಗೆ ಹೊಂದಿಸಲ್ಪಟ್ಟಿದೆ. ಚಾಲಕನೂ ಸೇರಿ ತೂಕ 1300 ಕಿಲೊ, ಹಿಂದಿನ ಟೈರಿನ ವ್ಯಾಸ 66 ಸೆಂ.ಮೀ., ಆಕ್ಸಲ್ ಅನುಪಾತ 4.30 (ಚಕ್ರ ಒಮ್ಮೆ ತಿರುಗಲು ಡ್ರೈವ್‌ಶಾಫ್ಟ್ 4.30 ಸುತ್ತು). ಈ ಎಂಜಿನ್ನಿನ ಜೊತೆಗೇ ಬರುತ್ತಿದ್ದ ಆರ್154 ಗೇರ್‌ಬಾಕ್ಸನ್ನೇ ಉಳಿಸಿಕೊಳ್ಳಲೇ, ಟ್ರೆಮೆಕ್ ಟಿ56 ಮ್ಯಾಗ್ನಮ್ ತರಿಸಲೇ, ಇಲ್ಲವೇ ನೇರವಾಗಿ ಡಾಗ್ ಗೇರ್‌ಬಾಕ್ಸಿಗೆ ಹೋಗಲೇ? ಗೆಳೆಯರೆಲ್ಲ ಮೊದಲು ಶಾರ್ಟ್ ಶಿಫ್ಟರ್ (ಕಡಿಮೆ ದೂರ ಚಲಿಸುವ ಗೇರ್ ಲಿವರ್) ಹಾಕಿಸು ಎನ್ನುತ್ತಿದ್ದಾರೆ.

ಉದ್ಯಮಬಾಗ_ಲೇತ್ (ಬೆಳಗಾವಿ):
ಗೇರ್‌ಬಾಕ್ಸ್ ಎಷ್ಟು ಟಾರ್ಕ್ (ತಿರುಗಿಸುವ ಬಲ) ತಾಳುತ್ತದೆ ಎಂಬುದಕ್ಕಿಂತ ಮೊದಲು, ಗೇರ್ ಬದಲಿಸಿದಾಗ ಎಂಜಿನ್ನಿನ ವೇಗ ಎಲ್ಲಿಗೆ ಇಳಿಯುತ್ತದೆ ಎಂಬುದನ್ನು ನೋಡಿ. ಆರ್154ರ ಮೊದಲ ನಾಲ್ಕು ಅನುಪಾತಗಳು 3.25, 1.96, 1.31 ಮತ್ತು 1.00. ಒಂದನೇ ಗೇರನ್ನು 7000 ಆರ್‌ಪಿಎಂವರೆಗೆ (ನಿಮಿಷಕ್ಕೆ ಎಂಜಿನ್ನಿನ ಸುತ್ತುಗಳು) ಎಳೆದು ಎರಡಕ್ಕೆ ಹಾಕಿದರೆ ಎಂಜಿನ್ 4200ರ ಆಸುಪಾಸಿಗೆ ಕುಸಿಯುತ್ತದೆ. ಟರ್ಬೊ ದೊಡ್ಡದಿದ್ದರೆ ಒತ್ತಡ ಮತ್ತೆ ತುಂಬುವವರೆಗೆ ಕಾಯುತ್ತಾ ಕೂರಬೇಕಾಗುತ್ತದೆ. ಮ್ಯಾಗ್ನಮ್‌ನ 2.66, 1.78, 1.30, 1.00 ಅನುಪಾತದ ಆವೃತ್ತಿಯಲ್ಲಿ ಅದೇ ಬದಲಾವಣೆ 4700ರ ಹತ್ತಿರ ನಿಲ್ಲುತ್ತದೆ. ಓಟದಲ್ಲಿ ಗೆಲುವು ಸೋಲು ತೀರ್ಮಾನವಾಗುವುದು ಬಹುಮಟ್ಟಿಗೆ ಈ ಐನೂರು ಆರ್‌ಪಿಎಂಗಳಲ್ಲಿಯೇ.

ನಿಮ್ಮ ಟೈರು ಮತ್ತು ಆಕ್ಸಲ್ ಲೆಕ್ಕದಲ್ಲಿ ನಾಲ್ಕನೇ ಗೇರಿನ 7000 ಆರ್‌ಪಿಎಂ ಎಂದರೆ ಗಂಟೆಗೆ ಸುಮಾರು 202 ಕಿ.ಮೀ. ಈ ತೂಕಕ್ಕೂ ಶಕ್ತಿಗೂ ಗೆರೆ ದಾಟುವ ವೇಗ 190ರಿಂದ 195ರಷ್ಟಾಗಬಹುದು, ಆದ್ದರಿಂದ 4.30 ಸರಿಯಾಗಿಯೇ ಇದೆ. ಎರಡೂ ಗೇರ್‌ಬಾಕ್ಸುಗಳಲ್ಲಿ ಮೂರೇ ಬದಲಾವಣೆ, ಮೇಲಿನ ಗೇರುಗಳು ಓಟದ ಮಟ್ಟಿಗೆ ಬರೀ ಭಾರ. ಆದರೆ ಆರ್154ರಲ್ಲಿ ಒಂದನೇ ಗೇರು ಆಕ್ಸಲ್ ಸೇರಿ 14ರಷ್ಟಾಗಿ, 62 ಕಿ.ಮೀ.ಗೇ ಮುಗಿದುಹೋಗುತ್ತದೆ. 3.73ರ ಆಕ್ಸಲ್ ಹಾಕಿದರೆ ಆ ಒರಟುತನ ತಗ್ಗುತ್ತದೆಯೇ ಹೊರತು ಗೇರುಗಳ ನಡುವಿನ ಅಂತರ ಎಳ್ಳಷ್ಟೂ ಬದಲಾಗುವುದಿಲ್ಲ.

ವಿಜಯಪುರದ_ಟರ್ಬೊ:
ಲೆಕ್ಕವನ್ನು ಒಪ್ಪುತ್ತೇನೆ, ತೀರ್ಮಾನವನ್ನು ಪೂರ್ತಿ ಒಪ್ಪುವುದಿಲ್ಲ. ಆರ್154 ಈ ಎಂಜಿನ್ನಿಗೆ ನೇರವಾಗಿ ಕೂರುತ್ತದೆ. ಮ್ಯಾಗ್ನಮ್‌ಗಾದರೆ ಬೇರೆ ಬೆಲ್‌ಹೌಸಿಂಗ್ (ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಕ್ಲಚ್ಚನ್ನು ಮುಚ್ಚುವ ಕವಚ) ಬೇಕು, ಟನಲ್ (ಗೇರ್‌ಬಾಕ್ಸಿನ ಮೇಲೆ ಉಬ್ಬಿರುವ ಕಾರಿನ ನೆಲದ ಭಾಗ) ಕತ್ತರಿಸಬೇಕು, ಡ್ರೈವ್‌ಶಾಫ್ಟ್ ಹೊಸದಾಗಿ ಮಾಡಿಸಬೇಕು. ಸುಮಾರು 60 ಕಿಲೊ ತೂಗುವ ಮ್ಯಾಗ್ನಮ್‌ನ ಒಳಭಾಗಗಳೂ ಭಾರವಾದವು, ಹಾಗಾಗಿ 7000ದಲ್ಲಿ ಅದು ಆತುರದ ಕೈಗೆ ಸುಲಭವಾಗಿ ಬಗ್ಗುವುದಿಲ್ಲ. ಟೈರು ಸಾಮಾನ್ಯ ರೇಡಿಯಲ್ ಆಗಿದ್ದರೆ, ಒಂದನೇ ಗೇರಿನ ಥ್ರಸ್ಟ್ ವಾಷರ್ (ಗೇರು ಪಕ್ಕಕ್ಕೆ ಸರಿಯದಂತೆ ತಡೆಯುವ ಬಿಲ್ಲೆ) ಬದಲಿಸಿ ಆರ್154ನ್ನೇ ಓಡಿಸಿ, ಏಕೆಂದರೆ ಜಾರುವ ಟೈರು ಗೇರ್‌ಬಾಕ್ಸಿಗೆ ಬೀಳುವ ಪೆಟ್ಟನ್ನು ತಾನೇ ನುಂಗಿಕೊಳ್ಳುತ್ತದೆ. ಗೀರುಗಳಿಲ್ಲದ, ಹಿಡಿತ ಹೆಚ್ಚಿರುವ ಸ್ಲಿಕ್ ಟೈರು ಹಾಕುವ ದಿನ ಮಾತ್ರ ಮ್ಯಾಗ್ನಮ್ ಅನಿವಾರ್ಯ.

ನವನಗರ_ಗೇರ್ (ಬಾಗಲಕೋಟೆ):
ಶಾರ್ಟ್ ಶಿಫ್ಟರ್ ಕೈ ಚಲಿಸುವ ದೂರವನ್ನು ಕಡಿಮೆ ಮಾಡುತ್ತದೆ, ಆದರೆ ಅಷ್ಟೇ ಪ್ರಮಾಣದಲ್ಲಿ ಬಲವನ್ನು ಹೆಚ್ಚು ಕೇಳುತ್ತದೆ. ಗೇರು ಕೂರುವ ಮೊದಲು ವೇಗಗಳನ್ನು ಸಮಗೊಳಿಸುವ ಸಿಂಕ್ರೊ ರಿಂಗ್ ತನ್ನ ಕೆಲಸ ಮುಗಿಸಲು ತೆಗೆದುಕೊಳ್ಳುವ ಸಮಯ ಅದರಿಂದ ಕಡಿಮೆಯಾಗುವುದಿಲ್ಲ. ಆ ರಿಂಗ್ ನಿಧಾನಗೊಳಿಸಬೇಕಾದದ್ದು ಇನ್‌ಪುಟ್ ಶಾಫ್ಟನ್ನು ಮಾತ್ರವಲ್ಲ, ಅದರ ಮೇಲಿರುವ ಕ್ಲಚ್ ಡಿಸ್ಕನ್ನೂ ಹೌದು. ಆದ್ದರಿಂದ ಭಾರವಾದ ಡಿಸ್ಕ್ ಹಾಕಿಕೊಂಡು ಗೇರು ಕೂರುತ್ತಿಲ್ಲವೆಂದು ಶಿಫ್ಟರನ್ನು ಬೈಯುವುದರಲ್ಲಿ ಅರ್ಥವಿಲ್ಲ. ಕ್ಲಚ್ ಪೂರ್ತಿ ಬಿಡುತ್ತಿದೆಯೇ ಎಂಬುದನ್ನೂ ಪರೀಕ್ಷಿಸಿ.

ಶಿಫ್ಟರಿನಲ್ಲಿ ನೀವು ಹುಡುಕಬೇಕಾದದ್ದು ಎರಡು ಗುಣಗಳನ್ನು. ಹರ್ಸ್ಟ್ ಕಾಂಪಿಟಿಷನ್ ಪ್ಲಸ್‌ನಲ್ಲಿರುವಂತೆ ಹೊಂದಿಸಬಹುದಾದ ಸ್ಟಾಪ್ ಬೋಲ್ಟುಗಳಿರಬೇಕು, ಏಕೆಂದರೆ ಗೇರು ಕೂತ ಮೇಲೂ ಲಿವರ್ ಒತ್ತುತ್ತಲೇ ಹೋದರೆ ಬಾಗುವುದು ಗೇರನ್ನು ಸರಿಸುವ ಒಳಗಿನ ಫೋರ್ಕ್. ಎರಡರಿಂದ ಮೂರಕ್ಕೆ ಹೋಗುವಾಗ ಲಿವರನ್ನು ನಡುವಿನ ಸಾಲಿಗೆ ತರುವ ಸ್ಪ್ರಿಂಗ್ ಗಟ್ಟಿಯಾಗಿರಬೇಕು. ಆ ಹೊತ್ತಿನಲ್ಲಿ ಕೈತಪ್ಪಿ ಒಂದನೇ ಗೇರಿಗೆ ಬಿದ್ದರೆ ಎಂಜಿನ್ ಉಳಿಯುವುದಿಲ್ಲ. ಲಿವರ್ ಸ್ವಲ್ಪ ಉದ್ದವಿದ್ದರೂ ಅಡ್ಡಿಯಿಲ್ಲ.

ಹಿಂಡಲಗಾ_ಕಾಂಟೆಸ್ಸಾ:
ಟೈರು ಸ್ಲಿಕ್ಕೇ ಇರುತ್ತದೆ, ಹಾಗಾಗಿ ಮ್ಯಾಗ್ನಮ್ ಎಂದು ತೀರ್ಮಾನಿಸುತ್ತೇನೆ. ಡಾಗ್ ಗೇರುಗಳ ಬಗ್ಗೆ ಯಾರೂ ಹೇಳಲಿಲ್ಲ.

ಉದ್ಯಮಬಾಗ_ಲೇತ್:
ಡಾಗ್ ಗೇರಿನಲ್ಲಿ ಸಿಂಕ್ರೊ ಇರುವುದಿಲ್ಲ. ದಪ್ಪ ಹಲ್ಲುಗಳು ನೇರವಾಗಿ ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ. ಕ್ಲಚ್ ಮುಟ್ಟದೆ, ಆಕ್ಸಿಲರೇಟರ್ ಬಿಡದೆ ಬದಲಿಸಬಹುದು. ಆದರೆ ಅದಕ್ಕೆ ಲಿವರಿನಲ್ಲಿ ಬಲ ಅಳೆಯುವ ಸ್ಟ್ರೇನ್ ಗೇಜ್ ಇಟ್ಟು, ಕೈ ಎಳೆದ ಕ್ಷಣಕ್ಕೆ ಇಗ್ನಿಷನ್ ಕಡಿಯುವಂತೆ ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಹೊಂದಾಣಿಕೆ ಬೇಕು. ಅಂಜುತ್ತಾ ನಿಧಾನವಾಗಿ ಹಾಕಿದಷ್ಟೂ ಹಲ್ಲಿನ ಮೂಲೆಗಳು ದುಂಡಗಾಗಿ, ಕೊನೆಗೆ ಗೇರು ತಾನಾಗಿಯೇ ಹೊರಬರತೊಡಗುತ್ತದೆ. ಮೊದಲ ಕಾರಿಗೆ ಅದು ಬೇಡ. ಆ ದುಡ್ಡನ್ನು ಎಸ್‌ಎಫ್‌ಐ 6.1 ಎಂಬ ಓಟದ ಸುರಕ್ಷತಾ ಪ್ರಮಾಣದ ಉಕ್ಕಿನ ಬೆಲ್‌ಹೌಸಿಂಗಿಗೆ ಹಾಕಿ. 7000ದಲ್ಲಿ ಫ್ಲೈವೀಲ್ ಅಥವಾ ಕ್ಲಚ್ ಒಡೆದರೆ ಚೂರುಗಳು ಬರುವುದು ನಿಮ್ಮ ಕಾಲಿನ ಕಡೆಗೇ. ಟನಲ್ ಮತ್ತು ಡ್ರೈವ್‌ಶಾಫ್ಟ್ ಕೆಲಸ ಬೆಳಗಾವಿಯ ಉದ್ಯಮಬಾಗದಲ್ಲಿಯೇ ಆಗುತ್ತದೆ, ಆದರೆ ಗೇರ್‌ಬಾಕ್ಸ್ ಕೈಗೆ ಬರುವ ಮೊದಲು ಅಳತೆ ಕೊಟ್ಟು ಕತ್ತರಿಸಲು ಹೇಳಬೇಡಿ. ಎಣ್ಣೆ ಹಾಕುವಾಗಲೂ ಗಮನವಿರಲಿ: ಮ್ಯಾಗ್ನಮ್‌ಗೆ ದಪ್ಪ ಗೇರ್ ಆಯಿಲ್ ಅಲ್ಲ, ಡೆಕ್ಸ್‌ರಾನ್ 3 ದರ್ಜೆಯ ಎಟಿಎಫ್ (ಆಟೊಮ್ಯಾಟಿಕ್ ಗೇರ್‌ಬಾಕ್ಸುಗಳಿಗೆ ಬಳಸುವ ತೆಳು ಎಣ್ಣೆ).